ರೆಪಾಸಿಟರಿ ಹೊಸ ಸರ್ವರ್‌ಗೆ ಹೋಗ್ತಿದೆ: ಹ್ಯಾಂಡಲ್, ಡಿಒಐ, ಮುಚ್ಚಿಟ್ಟ ಥೀಸಿಸ್‌ಗಳ ವಿಚಾರದಲ್ಲಿ ಸಲಹೆ ಬೇಕು

ಹೇಮಾವತಿ ಲೈಬ್ರರಿ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸಂಶೋಧನಾ ಕೇಂದ್ರ ಇರೋ ಒಂದು ಕಾಲೇಜಿನ ಲೈಬ್ರರಿ ನನ್ನ ಜವಾಬ್ದಾರಿ. ಪಿಎಚ್‌ಡಿ ಥೀಸಿಸ್, ಎಂಎಸ್ಸಿ ಡಿಸರ್ಟೇಶನ್, ಅಧ್ಯಾಪಕರ ಲೇಖನಗಳು, ಒಂದಿಷ್ಟು ಸರ್ವೆ ಡೇಟಾ, ಎಲ್ಲಾ ನಮ್ಮ ರೆಪಾಸಿಟರಿಯಲ್ಲಿ, ಅಂದರೆ ಡಿಸ್ಪೇಸ್ ಅನ್ನೋ ಸಾಫ್ಟ್‌ವೇರ್ ಮೇಲೆ ನಡೆಯೋ ಡಿಜಿಟಲ್ ಸಂಗ್ರಹದಲ್ಲಿ ಇಟ್ಟಿದ್ದೀವಿ. ಹಳೇ ಸರ್ವರ್ ಇವತ್ತೋ ನಾಳೆಯೋ ಕೈಕೊಡೋ ಹಾಗಿದೆ. ಈ ರಜೆಯಲ್ಲಿ ಹೊಸದಕ್ಕೆ ಸಾಗಿಸಬೇಕು, ಜೊತೆಗೆ ಡಿಸ್ಪೇಸ್ 5ರಿಂದ 7ಕ್ಕೆ ಏರಿಸಬೇಕು. ಕಾಲೇಜಿನ ಡೊಮೇನ್ ಹೆಸರೂ ಬದಲಾಗ್ತಿದೆ.

ನಮ್ಮ ಪ್ರತಿ ದಾಖಲೆಯ ಕೊಂಡಿಯಲ್ಲೂ 'ಹ್ಯಾಂಡಲ್/123456789/' ಅಂತ ಬಂದು ಆಮೇಲೆ ಒಂದು ಸಂಖ್ಯೆ ಇದೆ (ಹ್ಯಾಂಡಲ್ ಅಂದರೆ ದಾಖಲೆ ಎಲ್ಲಿಗೆ ಹೋದರೂ ಬದಲಾಗಬಾರದ ಗುರುತು ಸಂಖ್ಯೆ). ನ್ಯಾಕ್‌ಗೆ (ಕಾಲೇಜುಗಳ ಮೌಲ್ಯಮಾಪನ ಮಂಡಳಿ) ಕೊಟ್ಟ ಸ್ವಯಂ ಅಧ್ಯಯನ ವರದಿಯಲ್ಲಿ, ವಿದ್ಯಾರ್ಥಿಗಳ ಬಯೋಡೇಟಾದಲ್ಲಿ, ಬೇರೆಯವರ ಲೇಖನಗಳ ಅಡಿಟಿಪ್ಪಣಿಯಲ್ಲಿ ಇದೇ ಕೊಂಡಿ ಕೂತಿದೆ. ದಾಖಲೆಯ ಪುಟದಲ್ಲಿ 'ಉಲ್ಲೇಖಕ್ಕೆ ಈ ವಿಳಾಸ ಬಳಸಿ' ಅಂತ ತೋರಿಸೋ ಹ್ಯಾಂಡಲ್.ನೆಟ್ ಕೊಂಡಿ ಒತ್ತಿದರೆ 'ಸಿಗಲಿಲ್ಲ' ಅಂತ ಬರುತ್ತೆ. ನಮ್ಮ ಸೈಟಿನ ವಿಳಾಸ ಒತ್ತಿದರೆ ಮಾತ್ರ ತೆರೆಯುತ್ತೆ. ಡೊಮೇನ್ ಹೋದ ಮೇಲೆ ಅದೂ ಇಲ್ಲ.

ಇನ್ನು ಯಾರಿಗೆ ಏನು ತೋರಿಸಬೇಕು ಅನ್ನೋದು ಬೇರೆಯದೇ ಜಗಳ. ಒಬ್ಬ ಗೈಡ್ ತಮ್ಮ ಕೈಕೆಳಗಿನ ಅಷ್ಟೂ ಥೀಸಿಸ್ ಮುಚ್ಚಿ ಅಂತಾರೆ. ಡಾಕ್ಟರೇಟ್ ಆದ ಒಬ್ಬರು ತಮ್ಮದನ್ನ ಪೂರ್ತಿ ಅಳಿಸಿಹಾಕಿ ಅಂತ ಪತ್ರ ಬರೆದಿದ್ದಾರೆ. ಪ್ರಾಂಶುಪಾಲರು 'ಏನು ಸರಿಯೋ ಅದನ್ನ ಮಾಡಿ, ಆದರೆ ಬರವಣಿಗೆಯಲ್ಲಿ ಒಂದು ನಿಯಮ ತಂದುಕೊಡಿ' ಅಂದಿದ್ದಾರೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಸರ್ವರ್ ಕಾಯೋನು (ಹಾಸನ)

ಮೇಡಂ, ಮೊದಲು ಆ 123456789 ವಿಷಯ ಮುಗಿಸಿಬಿಡೋಣ.

ಅದು ನಿಮ್ಮ ಸಂಖ್ಯೆಯೇ ಅಲ್ಲ. ಡಿಸ್ಪೇಸ್ ಹಾಕಿದಾಗ ಕಾನ್ಫಿಗ್ ಫೈಲಿನಲ್ಲಿ ಪರೀಕ್ಷೆಗೆ ಅಂತ ಇರೋ ಸಂಖ್ಯೆ. ಇನ್‌ಸ್ಟಾಲ್ ಮಾಡಿದವರು ಅದನ್ನ ಬದಲಾಯಿಸದೆ ಹಾಗೇ ಬಿಟ್ಟರೆ ಪ್ರತಿ ದಾಖಲೆಗೂ ಅದೇ ಅಂಟಿಕೊಳ್ಳುತ್ತೆ. ದೇಶದ ಎಷ್ಟೋ ಕಾಲೇಜುಗಳ ರೆಪಾಸಿಟರಿಯಲ್ಲಿ ಇದೇ ಪ್ರಿಫಿಕ್ಸ್ (ಹ್ಯಾಂಡಲ್ ಸಂಖ್ಯೆಯ ಮೊದಲ ಭಾಗ) ಇದೆ. ಅಂದರೆ ನಿಮ್ಮ 123456789/212 ಒಂದು ಥೀಸಿಸ್ ಆದರೆ, ಇನ್ನೊಂದು ಊರಿನ ಕಾಲೇಜಿನ 123456789/212 ಹಳೇ ಪ್ರಶ್ನೆಪತ್ರಿಕೆ. ಹ್ಯಾಂಡಲ್.ನೆಟ್‌ಗೆ ಯಾರದು ಅಂತ ಗೊತ್ತಾಗೋದು ಹೇಗೆ?

ಒಳಗೆ ನಡೆಯೋದು ಇಷ್ಟು. ಯಾರಾದರೂ ಹ್ಯಾಂಡಲ್ ಕೊಂಡಿ ಒತ್ತಿದಾಗ, ಹ್ಯಾಂಡಲ್.ನೆಟ್ ಮೊದಲು ಜಾಗತಿಕ ನೋಂದಣಿಯಲ್ಲಿ 'ಈ ಪ್ರಿಫಿಕ್ಸ್ ಯಾರದು, ಅವರ ಹ್ಯಾಂಡಲ್ ಸರ್ವರ್ ಎಲ್ಲಿದೆ' ಅಂತ ನೋಡುತ್ತೆ. ಆಮೇಲೆ ನಿಮ್ಮ ಸರ್ವರ್‌ನ 2641 ಪೋರ್ಟಿಗೆ ಬಂದು '212 ಎಲ್ಲಿದೆ' ಅಂತ ಕೇಳುತ್ತೆ. ನಿಮ್ಮ ಸರ್ವರ್ ಈಗಿನ ವಿಳಾಸ ಹೇಳುತ್ತೆ, ಓದುಗ ಅಲ್ಲಿಗೆ ಹೋಗ್ತಾನೆ. ಹಾಗಾಗಿ ಮಾಡಬೇಕಾದ್ದು: ಹ್ಯಾಂಡಲ್.ನೆಟ್‌ನಲ್ಲಿ ನಿಮ್ಮದೇ ಪ್ರಿಫಿಕ್ಸ್ ತಗೊಳ್ಳಿ (ನೋಂದಣಿಗೆ 50 ಡಾಲರ್, ಆಮೇಲೆ ವರ್ಷಕ್ಕೆ 50 ಡಾಲರ್). ಡಿಸ್ಪೇಸ್‌ನಲ್ಲಿ ಹ್ಯಾಂಡಲ್ ಸರ್ವರ್ ಕಾನ್ಫಿಗ್ ಮಾಡಿದಾಗ ಒಂದು ಸೈಟ್ ಬಂಡಲ್ ಫೈಲ್ ಬರುತ್ತೆ, ಅದನ್ನ ಅವರಿಗೆ ಕಳಿಸಿ. ಪ್ರಿಫಿಕ್ಸ್ ಬಂದ ಮೇಲೆ 'ಅಪ್‌ಡೇಟ್-ಹ್ಯಾಂಡಲ್-ಪ್ರಿಫಿಕ್ಸ್' ಅನ್ನೋ ಡಿಸ್ಪೇಸ್ ಆದೇಶ ಕೊಟ್ಟರೆ ಡೇಟಾಬೇಸಿನಲ್ಲಿರೋ ಎಲ್ಲಾ 123456789 ಹೊಸ ಪ್ರಿಫಿಕ್ಸ್‌ಗೆ ಬದಲಾಗುತ್ತೆ. ಹಿಂದಿನ 212 ಹೊಸದರಲ್ಲೂ 212 ಆಗೇ ಉಳಿಯುತ್ತೆ. ಇದಾದ ಮೇಲೆ ಹುಡುಕಾಟದ ಇಂಡೆಕ್ಸ್ ಪೂರ್ತಿ ಹೊಸದಾಗಿ ಕಟ್ಟಿ. ಒಎಐ (ಹೊರಗಿನ ಸೈಟುಗಳಿಗೆ ವಿವರ ಕೊಡೋ ಭಾಗ) ಇಂಡೆಕ್ಸ್ ಕೂಡ ತೊಳೆದು ಮತ್ತೆ ತುಂಬಿಸಿ, ಇಲ್ಲದಿದ್ದರೆ ಹೊರಗಿನಿಂದ ಮಾಹಿತಿ ಎತ್ತಿಕೊಳ್ಳೋರಿಗೆ ಹಳೇ ಸಂಖ್ಯೆಯೇ ಹೋಗ್ತಾ ಇರುತ್ತೆ.

ಫೈರ್‌ವಾಲ್‌ನಲ್ಲಿ 2641 ತೆರೆಯೋದು ಮರೀಬೇಡಿ. ಎಲ್ಲಾ ಸರಿ ಮಾಡಿ, ಪೋರ್ಟ್ ಮುಚ್ಚಿರೋದರಿಂದ ಹ್ಯಾಂಡಲ್ ಸಿಗದೆ ಒದ್ದಾಡೋರನ್ನ ಬೇಕಾದಷ್ಟು ನೋಡಿದ್ದೀನಿ. ಆ ಸರ್ವರ್‌ಗೆ ಸ್ಥಿರವಾದ ಐಪಿ ವಿಳಾಸವೂ ಬೇಕು.

ಹೇಮಾವತಿ ಲೈಬ್ರರಿ

ಧನ್ಯವಾದ ಸರ್. ಹಾಗಾದರೆ ಈಗಾಗಲೇ ಹೊರಗೆ ಹೋಗಿರೋ ಹಳೇ ಕೊಂಡಿಗಳ ಗತಿ?

ಸರ್ವರ್ ಕಾಯೋನು

ಹಳೇ ಡೊಮೇನ್ ಬಿಟ್ಟುಕೊಡಬೇಡಿ. ಅದರ ನೋಂದಣಿ ನವೀಕರಿಸ್ತಾ ಇಟ್ಟುಕೊಳ್ಳಿ. ಅಲ್ಲಿ ಎನ್‌ಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲಿನ ನಿಯಮ ಸಾಕು: 'ಹ್ಯಾಂಡಲ್/123456789/' ಆದ ಮೇಲೆ ಏನೇ ಬಂದರೂ ಹೊಸ ಪ್ರಿಫಿಕ್ಸ್‌ಗೆ ಕಳಿಸು, ಶಾಶ್ವತ ಬದಲಾವಣೆ ಅಂತ 301 ಕೊಡು. ಸುರಕ್ಷತಾ ಸರ್ಟಿಫಿಕೇಟ್ ಹಳೇ ಡೊಮೇನಿಗೂ ಚಾಲ್ತಿಯಲ್ಲಿರಲಿ, ಇಲ್ಲಾಂದ್ರೆ ಬ್ರೌಸರ್ ಹೆದರಿಸಿ ಓದುಗರನ್ನ ವಾಪಸ್ ಕಳಿಸುತ್ತೆ.

ಇನ್ನೊಂದು ಗಮನಿಸಿ. ಡಿಸ್ಪೇಸ್ 7 (2021ರಲ್ಲಿ ಬಂದದ್ದು) ಪಿಡಿಎಫ್ ಫೈಲಿನ ವಿಳಾಸದ ರೂಪವನ್ನೇ ಬದಲಿಸಿದೆ. ಹಿಂದೆ 'ಬಿಟ್‌ಸ್ಟ್ರೀಮ್' ಅಂತ ಶುರುವಾಗಿ ಹ್ಯಾಂಡಲ್ ಸಂಖ್ಯೆ, ಫೈಲಿನ ಹೆಸರು ಬರ್ತಿತ್ತು. ಈಗ ಯುಯುಐಡಿ ಅನ್ನೋ ಉದ್ದದ ಗುರುತು ಬರುತ್ತೆ. ಅದಕ್ಕೇ ಯಾರಿಗೂ ಪಿಡಿಎಫ್‌ನ ನೇರ ಕೊಂಡಿ ಕೊಡಬೇಡಿ. ದಾಖಲೆಯ ಪುಟಕ್ಕೆ ಹೋಗೋ ಹ್ಯಾಂಡಲ್ ಮಾತ್ರ ಕೊಡಿ. ಫೈಲ್ ಬದಲಾಗಬಹುದು, ಎರಡಾಗಬಹುದು, ಮುಚ್ಚಿಕೊಳ್ಳಬಹುದು. ದಾಖಲೆಯ ಪುಟ ಇರಬೇಕು.

ಗಿರಿಶ್ರೇಣಿ (ಚಿಕ್ಕಮಗಳೂರು)

ನಾನು ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ಮೇಲಿನವರು ಹೇಳಿದ ತಾಂತ್ರಿಕ ವಿವರಗಳೆಲ್ಲ ಸರಿ. ಅದಕ್ಕೂ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ಈ ಹ್ಯಾಂಡಲ್ ಖಾತೆ ಯಾರ ಹೆಸರಿನಲ್ಲಿರುತ್ತದೆ? ಯಾವ ಇಮೇಲ್‌ಗೆ ನವೀಕರಣದ ಬಿಲ್ ಬರುತ್ತದೆ? ಆ 50 ಡಾಲರ್ ಯಾವ ಲೆಕ್ಕ ಶೀರ್ಷಿಕೆಯಿಂದ ಹೋಗುತ್ತದೆ?

ನಾನು ಕಂಡಂತೆ ರೆಪಾಸಿಟರಿಗಳು ತಾಂತ್ರಿಕ ದೋಷದಿಂದ ಸಾಯುವುದು ಅಪರೂಪ. ಹಾಕಿಸಿದ ಅಧ್ಯಾಪಕರು ವರ್ಗವಾಗುತ್ತಾರೆ, ಅವರ ವೈಯಕ್ತಿಕ ಜಿಮೇಲ್‌ಗೆ ಬಂದ ಎಚ್ಚರಿಕೆ ಯಾರಿಗೂ ಕಾಣುವುದಿಲ್ಲ, ಒಂದು ದಿನ ಎಲ್ಲ ನಿಂತುಹೋಗುತ್ತದೆ. ಸಂಖ್ಯೆ ಶಾಶ್ವತವಾಗುವುದು ಹ್ಯಾಂಡಲ್ ಎಂದು ಹೆಸರಿಟ್ಟಿದ್ದರಿಂದಲ್ಲ. 'ಈ ಸಂಖ್ಯೆ ಎಲ್ಲಿಗೆ ಹೋಗಬೇಕು' ಎಂಬ ಪಟ್ಟಿಯನ್ನು ತಿದ್ದುವ ಒಬ್ಬ ಮನುಷ್ಯ, ಅವನ ನಂತರ ಇನ್ನೊಬ್ಬ, ಹೀಗೆ ಹುದ್ದೆಯಿಂದ ಹುದ್ದೆಗೆ ದಾಟಿದರೆ ಮಾತ್ರ.

ನಮ್ಮ ಭಾಗಕ್ಕೆ ಇದು ಇನ್ನೂ ಹತ್ತಿರದ ವಿಷಯ. ಹಾಸನದ ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಹೊಸ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸುವ 2022ರ ಕಾಯ್ದೆಯಿಂದ ಅದು ಹಾಸನ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯ ಮುಂದೆ ಇಂಥ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಮಾತೃ ವಿಶ್ವವಿದ್ಯಾಲಯಗಳಿಗೆ ಸೇರಿಸುವ ಮಾತು ಬಂತು, ಹಾಸನವೂ ಆ ಪಟ್ಟಿಯಲ್ಲಿತ್ತು. ಸರ್ಕಾರದ ನಿರ್ಧಾರಗಳ ಸರಿತಪ್ಪು ಇಲ್ಲಿ ಬೇಡ. ಆದರೆ ಸಂಸ್ಥೆಗಳು ಹುಟ್ಟುತ್ತವೆ, ಹೆಸರು ಬದಲಾಯಿಸುತ್ತವೆ, ವಿಲೀನವಾಗುತ್ತವೆ. ಹಾಗಾಗಿ ಗುರುತು ಸಂಖ್ಯೆಯೊಳಗೆ ಸಂಸ್ಥೆಯ ಹೆಸರು, ವಿಭಾಗದ ಹೆಸರು, ವರ್ಷ ಯಾವುದನ್ನೂ ತುರುಕಬಾರದು. ಅರ್ಥವಿಲ್ಲದ ಅಂಕಿ ಇದ್ದಷ್ಟೂ ಒಳ್ಳೆಯದು. ವಿಭಾಗದ ಹೆಸರು ಬದಲಾದರೆ ಅಂಕಿಯನ್ನು ಯಾರೂ ತಿದ್ದಲು ಹೋಗುವುದಿಲ್ಲ.

ಸಂಸ್ಥೆಗೂ ಒಂದು ಗುರುತು ಬೇಕು. 2019ರಲ್ಲಿ ಶುರುವಾದ ಆರ್‌ಒಆರ್ ನೋಂದಣಿ ಉಚಿತ. ಅದರಲ್ಲಿ 'ಈ ಸಂಸ್ಥೆಯ ಹಿಂದಿನದು ಇದು, ಮುಂದಿನದು ಇದು' ಎಂದು ಜೋಡಿಸುವ ಅವಕಾಶವಿದೆ. ವಿಲೀನವಾದರೂ ಹಳೆಯ ಥೀಸಿಸ್ ಯಾವ ಸಂಸ್ಥೆಯಿಂದ ಬಂತು ಎಂಬುದು ತಿಳಿಯುತ್ತದೆ.

ಸರ್ವರ್ ಕಾಯೋನು

ಹೌದು ಸರ್. ವಿಲೀನ ಆದಾಗ ಉಪಯೋಗಕ್ಕೆ ಅಂತಲೇ ಡಿಸ್ಪೇಸ್ ಕಾನ್ಫಿಗ್‌ನಲ್ಲಿ 'ಹೆಚ್ಚುವರಿ ಪ್ರಿಫಿಕ್ಸ್‌ಗಳು' ಅಂತ ಒಂದು ಸಾಲು ಇದೆ. ಬೇರೆ ರೆಪಾಸಿಟರಿಯಿಂದ ಬಂದ ಪ್ರಿಫಿಕ್ಸ್‌ಗೂ ಅದೇ ಸರ್ವರ್ ಉತ್ತರ ಕೊಡುತ್ತೆ. ಆದರೆ ನಿಮ್ಮದೇ ನಿಜವಾದ ಪ್ರಿಫಿಕ್ಸ್ ಇದ್ದರೆ ಮಾತ್ರ. ಎರಡೂ ಕಡೆ 123456789 ಇದ್ದರೆ ಗಂಟು ಬಿಡಿಸೋಕೆ ಆಗಲ್ಲ.

ಶಾಸನದ ಹಾದಿ (ಬೇಲೂರು)

ನಾನು ಸಂಶೋಧನಾ ವಿದ್ಯಾರ್ಥಿ, ಹೊಯ್ಸಳ ಶಾಸನಗಳ ಮೇಲೆ ಕೆಲಸ. ಈ ಚರ್ಚೆ ಓದ್ತಾ ನನ್ನ ಟೇಬಲ್ ಮೇಲಿರೋ ಎಪಿಗ್ರಾಫಿಯಾ ಕರ್ನಾಟಿಕಾ (ನಮ್ಮ ನಾಡಿನ ಶಾಸನಗಳ ಸಂಪುಟ) ನೆನಪಾಯ್ತು. ನಮ್ಮ ಜಿಲ್ಲೆಯಲ್ಲಿ ಈ ಸಮಸ್ಯೆಯನ್ನ ನೂರು ವರ್ಷದ ಹಿಂದೆಯೇ ಎದುರಿಸಿದ್ದಾರೆ.

ಅದರ ಸಂಪಾದಕ ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನ ಪ್ರಕಟಿಸಿದರು. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನ ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು, ಜಾಗದ ಪ್ರಕಾರ ಮತ್ತೆ ಜೋಡಿಸಿದ್ದರಿಂದ ಹಳೇ ಸಂಖ್ಯೆಗಳೆಲ್ಲ ಬದಲಾದವು. 1973ರ ಮೈಸೂರು ವಿಶ್ವವಿದ್ಯಾಲಯದ ಆವೃತ್ತಿಯಲ್ಲಿ 573. ಮೂರು ಆವೃತ್ತಿ, ಮೂರು ಸಂಖ್ಯೆ, ಕಲ್ಲು ಮಾತ್ರ ಅದೇ. ಆದರೆ ನರಸಿಂಹಾಚಾರ್ ಹೊಸ ಸಂಖ್ಯೆಯ ಪಕ್ಕದಲ್ಲೇ ಆವರಣದಲ್ಲಿ ಹಳೇ ಸಂಖ್ಯೆ ಕೊಟ್ಟರು, 127 (47) ಅನ್ನೋ ರೀತಿ. ಅದೊಂದರಿಂದ 1923ಕ್ಕೂ ಹಿಂದಿನ ಎಲ್ಲಾ ಬರಹಗಳು ಇವತ್ತಿಗೂ ಓದೋಕೆ ಸಿಗ್ತಿವೆ. ಯಾವುದೋ ಹಳೇ ಲೇಖನದಲ್ಲಿ ಬರೀ '47' ಅಂತ ಇದ್ದರೂ ನಾನು ಕಲ್ಲಿನ ಹತ್ತಿರ ಹೋಗಿ ನಿಲ್ಲಬಲ್ಲೆ.

ಮೇಡಂ, ಅದಕ್ಕೇ ಹೇಳ್ತೀನಿ, ಹೊಸ ಹ್ಯಾಂಡಲ್ ಬಂದ ಮೇಲೂ ಹಳೇ 123456789 ಸಂಖ್ಯೆಯನ್ನ ದಾಖಲೆಯಲ್ಲಿ ಒಂದು ಕ್ಷೇತ್ರದಲ್ಲಿ ಉಳಿಸಿ. ಓದುಗನಿಗೆ ಕಾಣೋ ಹಾಗಿರಲಿ. 301 ನಿಯಮ ಒಂದಿನ ಯಾರೋ ಅಳಿಸ್ತಾರೆ. ದಾಖಲೆಯಲ್ಲೇ ಬರೆದಿದ್ದರೆ ಹುಡುಕಿದವನಿಗೆ ಸಿಗುತ್ತೆ.

ಗಿರಿಶ್ರೇಣಿ

ಈ ವೇದಿಕೆಯಲ್ಲಿ ಇಷ್ಟು ಒಳ್ಳೆಯ ಉದಾಹರಣೆ ನಾನು ಓದಿರಲಿಲ್ಲ. ಹಾಗೆಯೇ ಮಾಡಿ ಮೇಡಂ.

ಪಾಠಪ್ರವಚನ (ಹಾಸನ)

ಗೈಡ್‌ಗಳ ಕಡೆಯಿಂದ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಇಲ್ಲಿ ಎಲ್ಲರೂ ಓದುಗರ ಪರವಾಗಿಯೇ ಮಾತಾಡ್ತಿದ್ದೀರಿ. ವಿದ್ಯಾರ್ಥಿ ಐದಾರು ವರ್ಷ ಕಷ್ಟಪಟ್ಟು ಮಾಡಿದ ಕೆಲಸ ಇಂಟರ್ನೆಟ್ಟಿನಲ್ಲಿ ಹಾಕಿದ ಮರುದಿನವೇ ಬೇರೆಯವರು ಅಧ್ಯಾಯಗಳನ್ನ ಎತ್ತಿ ಲೇಖನ ಮಾಡಿಕೊಳ್ತಾರೆ. ಕಣ್ಣಾರೆ ಕಂಡಿದ್ದೀನಿ. ಪೇಟೆಂಟ್ ಆಗಬಹುದಾದ ಕೆಲಸವಂತೂ ಹೊರಗೆ ಬಂದರೆ ಮುಗೀತು. ಜರ್ನಲ್‌ಗಳು 'ಇದು ಆಗಲೇ ಪ್ರಕಟವಾಗಿದೆ' ಅಂತ ತಕರಾರು ತೆಗೀತಾವೆ. ಹಾಗಾಗಿ ಮುಚ್ಚಿಡಿ ಅಂತ ಕೇಳೋದು ತಪ್ಪಲ್ಲ.

ಸೋಲೆ ಕಾಡು (ಚಿಕ್ಕಮಗಳೂರು)

ಸರ್, ನಿಮ್ಮ ಆತಂಕ ನಿಜವಾದದ್ದೇ. ಆದರೆ 'ಮುಚ್ಚಿ' ಅನ್ನೋ ಒಂದೇ ಮಾತಿನಲ್ಲಿ ನಾಲ್ಕಾರು ಬೇರೆ ಬೇರೆ ಕಾರಣ ಸೇರಿಹೋಗಿದೆ, ಒಂದೊಂದಕ್ಕೂ ಮದ್ದು ಬೇರೆ.

ಪೇಟೆಂಟ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅರ್ಜಿ ಹಾಕೋ ಮೊದಲೇ ಸಾರ್ವಜನಿಕವಾದರೆ ಹೊಸತನ ಹೋಯ್ತು. ನಮ್ಮ 1970ರ ಕಾಯ್ದೆಯಲ್ಲಿ ಅದಕ್ಕಿರೋ ವಿನಾಯಿತಿ ತುಂಬಾ ಕಿರಿದು. ಅಂಥ ಥೀಸಿಸ್‌ಗೆ ತಾರೀಕು ಹಾಕಿ ತಡೆ ಕೊಡಿ. ಡಿಸ್ಪೇಸ್‌ನಲ್ಲಿ ಫೈಲಿನ ಓದುವ ಅನುಮತಿಗೆ 'ಈ ದಿನದಿಂದ' ಅಂತ ಹಾಕಿದರೆ ಆ ದಿನ ತಾನಾಗಿ ತೆರೆದುಕೊಳ್ಳುತ್ತೆ, ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಜರ್ನಲ್ ಲೇಖನಗಳಿಗೆ ಪ್ರಕಾಶಕರು ಎಷ್ಟು ತಿಂಗಳು ಕಾಯಬೇಕು ಅಂತ ಹೇಳಿರ್ತಾರೆ. ಹಿಂದೆ ಶೆರ್ಪಾ ರೋಮಿಯೋ ಅಂತ ಇದ್ದ ಸೈಟು ಈಗ ಓಪನ್ ಪಾಲಿಸಿ ಫೈಂಡರ್ ಆಗಿದೆ, ಅಲ್ಲಿ ನೋಡಬಹುದು.

ಕಳ್ಳತನಕ್ಕೆ ಮಾತ್ರ ಮುಚ್ಚಿಡೋದು ಮದ್ದಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಬೀರುವಿನಲ್ಲಿದ್ದ ಥೀಸಿಸ್‌ನಿಂದ ಕದ್ದರೆ ಯಾರಿಗೂ ಗೊತ್ತಾಗಲ್ಲ. ತಾರೀಕು, ಸಂಖ್ಯೆ ಸಮೇತ ತೆರೆದಿಟ್ಟ ಥೀಸಿಸ್‌ನಿಂದ ಕದ್ದರೆ 'ಇದು ನನ್ನದು, ಈ ದಿನ ಇಲ್ಲಿತ್ತು' ಅಂತ ವಿದ್ಯಾರ್ಥಿ ತೋರಿಸಬಹುದು. ಕೃತಿಚೌರ್ಯ ಪತ್ತೆಹಚ್ಚೋ ಸಾಫ್ಟ್‌ವೇರ್‌ಗಳಿಗೂ ತೆರೆದಿರೋದನ್ನ ಹೋಲಿಸಿ ನೋಡೋದು ಸುಲಭ. ಅಲ್ಲದೆ ಪಿಎಚ್‌ಡಿ ಥೀಸಿಸ್‌ನ ಎಲೆಕ್ಟ್ರಾನಿಕ್ ಪ್ರತಿಯನ್ನ ಇನ್‌ಫ್ಲಿಬ್‌ನೆಟ್‌ಗೆ (ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲದ ಕೇಂದ್ರ) ಕೊಡಬೇಕು ಅಂತ ಯುಜಿಸಿ 2009ರಿಂದಲೇ ಹೇಳ್ತಾ ಬಂದಿದೆ. ಶೋಧಗಂಗಾ ಅನ್ನೋ ಅವರ ಥೀಸಿಸ್ ಭಂಡಾರದಲ್ಲಿ ತೆರೆದಿರೋ ಥೀಸಿಸ್‌ನ ನಮ್ಮ ಕಾಲೇಜಿನಲ್ಲಿ ಮುಚ್ಚಿ ಯಾರನ್ನ ಕಾಪಾಡಿದ ಹಾಗಾಯ್ತು?

ಇನ್ನು ನಿಜವಾಗಿ ಮುಚ್ಚಬೇಕಾದ್ದು ಬೇರೆ ಇದೆ, ಅದರ ಬಗ್ಗೆ ಯಾರೂ ಕೇಳ್ತಾ ಇಲ್ಲ. ನಾನು ಬಾಬಾಬುಡನ್‌ಗಿರಿ ಕಡೆಯ ಸೋಲೆಗಳಲ್ಲಿ (ಶೋಲಾ ಕಾಡುಗಳಲ್ಲಿ) ಸೀತಾಳೆ ಗಿಡಗಳ ಮೇಲೆ ಕೆಲಸ ಮಾಡ್ತೀನಿ. ಅಪರೂಪದ ಗಿಡ ಇರೋ ಮರದ ಜಿಪಿಎಸ್ ಅಂಕಿಗಳು ಥೀಸಿಸ್‌ನ ಅನುಬಂಧದಲ್ಲಿ ಹಾಗೇ ಅಚ್ಚಾದರೆ, ಗಿಡ ಕೀಳೋರಿಗೆ ನಾವೇ ದಾರಿ ತೋರಿಸಿದ ಹಾಗೆ. ನಾವೀಗ ಸಾರ್ವಜನಿಕ ಪ್ರತಿಯಲ್ಲಿ ಅಕ್ಷಾಂಶ ರೇಖಾಂಶವನ್ನ ಒಂದೇ ದಶಮಾಂಶಕ್ಕೆ ಇಳಿಸ್ತೀವಿ. 0.1 ಡಿಗ್ರಿ ಅಂದರೆ ಸುಮಾರು 11 ಕಿಲೋಮೀಟರ್, ಬೆಟ್ಟದ ಸಾಲು ಗೊತ್ತಾಗುತ್ತೆ, ಮರ ಗೊತ್ತಾಗಲ್ಲ. ಪೂರ್ತಿ ಅಂಕಿಗಳ ಫೈಲ್ ಅದೇ ದಾಖಲೆಯಲ್ಲಿ ಬೇರೆಯಾಗಿ, ಅನುಮತಿ ಕೇಳಿದವರಿಗೆ ಮಾತ್ರ.

ತೋಟದವ (ಮೂಡಿಗೆರೆ)

ನಾನು ಓದಿದ್ದು ಬಿಕಾಂ, ಕಾಫಿ ಮೆಣಸು ಬೆಳೆಯೋನು. ನನ್ನ ಮಗಳು ಈ ಚರ್ಚೆ ತೋರಿಸಿದಳು, ಹಾಗಾಗಿ ಬರೀತಿದ್ದೀನಿ. ಕೆಲವು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಬಂದು ಬಿಳಿ ಕಾಂಡಕೊರಕದ ಬಗ್ಗೆ ಮಾಹಿತಿ ಕೇಳಿದ. ಒಳ್ಳೇ ಹುಡುಗ, ಊಟ ಹಾಕಿ ತೋಟ ಸುತ್ತಿಸಿದೆ. ಎಷ್ಟು ಗಿಡ ಕಿತ್ತೆ, ಎಷ್ಟು ಇಳುವರಿ, ಬ್ಯಾಂಕಿನಲ್ಲಿ ಎಷ್ಟು ಸಾಲ ಎಲ್ಲಾ ಹೇಳಿದೆ. ಆಮೇಲೆ ನೋಡಿದರೆ ಅವನ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ನನ್ನ ತೋಟದ ಹೆಸರು, ಸರ್ವೆ ನಂಬರ್, ಸಾಲದ ಮೊತ್ತ ಸಮೇತ ಇಂಟರ್ನೆಟ್ಟಿನಲ್ಲಿದೆ. ಪೂರ್ತಿ ಪ್ರಬಂಧ ತೆಗೀರಿ ಅಂತ ನಾನು ಹೇಳಲ್ಲ. ಅದರಲ್ಲಿರೋ ಕಾಂಡಕೊರಕದ ವಿಚಾರ ಹತ್ತಾರು ಬೆಳೆಗಾರರಿಗೆ ಉಪಯೋಗ ಆಗುತ್ತೆ. ನನ್ನ ಸಾಲ ಯಾರಿಗೆ ಉಪಯೋಗ?

ಹೇಮಾವತಿ ಲೈಬ್ರರಿ

ಅಣ್ಣ, ನೀವು ಬರೆದದ್ದು ತುಂಬಾ ಒಳ್ಳೇದಾಯ್ತು. ಅಂಥ ಅನುಬಂಧಗಳು ನಮ್ಮಲ್ಲೂ ಇರಬಹುದು. ಸರ್ವರ್ ಕಾಯೋನು ಅವರೇ, ಒಂದೇ ದಾಖಲೆಯಲ್ಲಿ ಥೀಸಿಸ್ ತೆರೆದಿಟ್ಟು ಅನುಬಂಧ ಮಾತ್ರ ಮುಚ್ಚೋಕೆ ಆಗುತ್ತಾ?

ಸರ್ವರ್ ಕಾಯೋನು

ಆಗುತ್ತೆ. ಡಿಸ್ಪೇಸ್‌ನಲ್ಲಿ ಅನುಮತಿ ಇಡೀ ದಾಖಲೆಗೂ ಕೊಡಬಹುದು, ಒಂದೊಂದು ಫೈಲಿಗೂ ಕೊಡಬಹುದು. ಶೋಧಗಂಗಾದಲ್ಲಿ ನೋಡಿರ್ತೀರಿ, ಥೀಸಿಸ್ಸನ್ನ ಅಧ್ಯಾಯವಾರು ಬಿಡಿಸಿ ಹಾಕ್ತಾರೆ. ಮೊದಲ ಫೈಲ್ 01 ಶೀರ್ಷಿಕೆ, ಕೊನೆಗೆ 80 ಶಿಫಾರಸು. ನೀವೂ ಅನುಬಂಧವನ್ನ ಬೇರೆ ಪಿಡಿಎಫ್ ಮಾಡಿ, ಅದರ 'ಅನಾಮಧೇಯ' ಗುಂಪಿಗಿರೋ ಓದುವ ಅನುಮತಿ ತೆಗೆದು ಲೈಬ್ರರಿ ಸಿಬ್ಬಂದಿ ಗುಂಪಿಗೆ ಮಾತ್ರ ಕೊಡಿ. 'ಪ್ರತಿ ಕೋರಿ' ಅನ್ನೋ ಸೌಲಭ್ಯ ಚಾಲೂ ಇದ್ದರೆ, ಬೇಕಾದವರು ಕಾರಣ ಬರೆದು ಕೇಳ್ತಾರೆ, ನೀವು ಒಪ್ಪಿದರೆ ಕಳಿಸ್ತೀರಿ. ಮೂಡಿಗೆರೆಯವರ ವಿಷಯದಲ್ಲಿ ಮಾತ್ರ ಇಷ್ಟು ಸಾಲದು. ಸಾಲದ ಮೊತ್ತ ಇರೋ ಕಾಲಂ ಅಳಿಸಿದ ಪ್ರತಿಯನ್ನ ಸಾರ್ವಜನಿಕವಾಗಿ ಹಾಕಿ, ಮೂಲ ಪ್ರತಿ ಒಳಗೆ ಇಟ್ಟುಕೊಳ್ಳಿ. ಕಪ್ಪು ಪಟ್ಟಿ ಎಳೆದರೆ ಸಾಲದು, ಕೆಳಗಿನ ಅಕ್ಷರ ಕಾಪಿ ಆಗುತ್ತೆ. ಅಕ್ಷರಗಳನ್ನೇ ತೆಗೆದು ಹೊಸ ಪಿಡಿಎಫ್ ಮಾಡಬೇಕು.

ಗಿರಿಶ್ರೇಣಿ

ತೋಟದವರು ಹೇಳಿದ್ದನ್ನು ನಿಯಮದಲ್ಲಿ ಬರೆಯಬೇಕು: ಮಾಹಿತಿ ಕೊಟ್ಟವರೂ ದೂರು ಕೊಡಬಹುದು, ಲೇಖಕರು ಮಾತ್ರವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಂಥಾಲಯಗಳು ಈ ವಿಷಯದಲ್ಲಿ ಕೈಕಟ್ಟಿ ಕೂರುವಂತಿಲ್ಲ.

ಎಷ್ಟೇ ಮುಚ್ಚಿದರೂ ದಾಖಲೆಯ ಪುಟ ಮುಚ್ಚಬೇಡಿ. ಶೀರ್ಷಿಕೆ, ಲೇಖಕರು, ಗೈಡ್, ವರ್ಷ, ಸಾರಾಂಶ, ಗುರುತು ಸಂಖ್ಯೆ ಇವು ಯಾವಾಗಲೂ ತೆರೆದಿರಲಿ. ಪುಟದ ಮೇಲೆ ಸ್ಥಿತಿ ಬರೆಯಿರಿ. ರೆಪಾಸಿಟರಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಕೋಆರ್ ಸಂಸ್ಥೆಯ ಶಬ್ದಪಟ್ಟಿಯಲ್ಲಿ ಇದಕ್ಕೆ ನಾಲ್ಕು ಸ್ಥಿತಿಗಳಿವೆ: ಮುಕ್ತ, ನಿಗದಿತ ದಿನದವರೆಗೆ ತಡೆ, ನಿರ್ಬಂಧಿತ, ವಿವರ ಮಾತ್ರ. ಅದನ್ನೇ ಬಳಸಿ, ಹೊರಗಿನ ವ್ಯವಸ್ಥೆಗಳಿಗೂ ಅರ್ಥವಾಗುತ್ತದೆ. ಮುಚ್ಚಿದ್ದಕ್ಕೆ ಕಾರಣ, ಯಾವಾಗ ಮರುಪರಿಶೀಲನೆ ಎಂಬುದೂ ಇರಲಿ. ಈಗ ಎಷ್ಟೋ ಕಡೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ 'ಪ್ರವೇಶವಿಲ್ಲ' ಎಂದಷ್ಟೇ ಇರುತ್ತದೆ. ಓದುಗನಿಗೆ ತನ್ನ ಪಾಸ್‌ವರ್ಡ್ ತಪ್ಪೋ, ಫೈಲ್ ಇಲ್ಲವೋ, ಕೊಡುವುದಿಲ್ಲವೋ ತಿಳಿಯುವುದಿಲ್ಲ.

ಪಾಠಪ್ರವಚನ

ಒಪ್ಪಿದೆ. ವಿವರ ತೆರೆದಿರಲಿ, ಫೈಲಿಗೆ ಕಾರಣ ಮತ್ತು ತಾರೀಕು ಇರಲಿ. ಕಾರಣ ಬರೆದುಕೊಡೋದು ನಮ್ಮ ಕಡೆಯ ಕೆಲಸ, ಮಾಡ್ತೀವಿ. ಆದರೆ ಪೂರ್ತಿ ಅಳಿಸಿ ಅಂತ ಕೇಳಿದವರ ಪ್ರಶ್ನೆಗೆ ಉತ್ತರ ಬಂದಿಲ್ಲ.

ಸರ್ವರ್ ಕಾಯೋನು

ಡಿಸ್ಪೇಸ್‌ನಲ್ಲಿ ಅದಕ್ಕೆ ಎರಡು ಬೇರೆ ಗುಂಡಿ ಇದೆ. ಒಂದು 'ಹಿಂಪಡೆ', ಇನ್ನೊಂದು 'ಅಳಿಸು'. ಅಳಿಸಿದರೆ ದಾಖಲೆಯೇ ಹೋಯ್ತು, ಹ್ಯಾಂಡಲ್ ಒತ್ತಿದವರಿಗೆ ಖಾಲಿ. ಹಿಂಪಡೆದರೆ ಫೈಲ್ ಸಾರ್ವಜನಿಕರಿಗೆ ಸಿಗಲ್ಲ, ಹುಡುಕಾಟದಲ್ಲಿ ಬರಲ್ಲ, ಆದರೆ ಹ್ಯಾಂಡಲ್ ಒತ್ತಿದವರಿಗೆ 'ಈ ದಾಖಲೆಯನ್ನ ಹಿಂಪಡೆಯಲಾಗಿದೆ' ಅನ್ನೋ ಪುಟ ತೆರೆಯುತ್ತೆ. ಒಂದು ಸಲ ಯಾರೋ ಉಲ್ಲೇಖಿಸಿದ ಸಂಖ್ಯೆ ಉತ್ತರ ಕೊಡದೆ ಇರಬಾರದು, 'ಇತ್ತು, ಈಗ ಇಲ್ಲ' ಅಂತಾದ್ರೂ ಹೇಳಬೇಕು. ಆ ಸಂಖ್ಯೆಯನ್ನ ಇನ್ನೊಂದು ದಾಖಲೆಗೆ ಎಂದಿಗೂ ಕೊಡಬಾರದು.

ಶಾಸನದ ಹಾದಿ

ನನ್ನದೊಂದು ಪ್ರಶ್ನೆ. ಹ್ಯಾಂಡಲ್ ಬದಲು ನೇರವಾಗಿ ಡಿಒಐ (ಲೇಖನ, ಡೇಟಾಗಳಿಗೆ ಕೊಡೋ ಶಾಶ್ವತ ಗುರುತು ಸಂಖ್ಯೆ) ತಗೊಂಡರೆ ಆಗಲ್ವಾ? ಎಲ್ಲಾ ಜರ್ನಲ್‌ನವರು ಡಿಒಐ ಕೇಳ್ತಾರೆ.

ಸರ್ವರ್ ಕಾಯೋನು

ಡಿಒಐ ಕೂಡ ಒಳಗೆ ಹ್ಯಾಂಡಲ್ ವ್ಯವಸ್ಥೆಯೇ. '10.' ಅಂತ, ಅಂದರೆ ಹತ್ತು ಆಗಿ ಪಕ್ಕದಲ್ಲೇ ಚುಕ್ಕೆ ಬಂದು ಶುರುವಾಗೋ ಪ್ರಿಫಿಕ್ಸ್‌ಗಳು ಡಿಒಐಗೆ ಮೀಸಲು. ವ್ಯತ್ಯಾಸ ಇರೋದು ಪಟ್ಟಿ ಯಾರ ಹತ್ರ ಇರುತ್ತೆ ಅನ್ನೋದರಲ್ಲಿ. ಹ್ಯಾಂಡಲ್ ಆದರೆ ಉತ್ತರ ಕೊಡೋದು ನಿಮ್ಮ ಸರ್ವರ್. ಮಲೆನಾಡ ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಸತ್ತರೆ ಅಷ್ಟು ಹೊತ್ತು ಹ್ಯಾಂಡಲ್ ಸಿಗಲ್ಲ. ಡಿಒಐ ಆದರೆ ವಿಳಾಸ, ವಿವರ ಎಲ್ಲಾ ಡಿಒಐ ಕೊಡೋ ಸಂಸ್ಥೆಗಳಾದ ಕ್ರಾಸ್‌ರೆಫ್ ಅಥವಾ ಡೇಟಾಸೈಟ್‌ನವರ ಕಡೆ ನೋಂದಣಿ ಆಗಿರುತ್ತೆ, ವಿಳಾಸ ಬದಲಾದಾಗ ನೀವು ಅವರಿಗೆ ತಿಳಿಸ್ತೀರಿ. ನಿಮ್ಮ ಸರ್ವರ್ ಮುಳುಗಿದರೂ ಆ ಸಂಖ್ಯೆ ಯಾವ ಕೃತಿಯದು ಅನ್ನೋದು ಅಲ್ಲಿ ಉಳಿಯುತ್ತೆ. ಅದಕ್ಕೆ ಸದಸ್ಯತ್ವದ ಖರ್ಚು ಹ್ಯಾಂಡಲ್‌ಗಿಂತ ಜಾಸ್ತಿ. ಖರ್ಚೇ ಬೇಡ ಅಂದ್ರೆ ಆರ್ಕ್ ಅನ್ನೋ ಇನ್ನೊಂದು ಗುರುತು ಪದ್ಧತಿ ಇದೆ, ಅದರ ಸಂಖ್ಯೆ ಉಚಿತ. ಆದರೆ ನಮ್ಮ ಕಡೆ ಬಳಸೋರು ಕಮ್ಮಿ, ಡಿಸ್ಪೇಸ್‌ಗೆ ಜೋಡಿಸೋಕೆ ಸ್ವಂತ ಕೆಲಸ ಬೇಕು.

ಸೋಲೆ ಕಾಡು

ಡೇಟಾಗೆ ಮಾತ್ರ ಡಿಒಐ ಬೇಕು ಅಂದರೆ ಝೆನೋಡೋ ಅನ್ನೋ ಸಾರ್ವಜನಿಕ ರೆಪಾಸಿಟರಿ ನೋಡಿ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ 2013ರಿಂದ ನಡೆಸ್ತಿದೆ, ಉಚಿತ, ಒಂದು ದಾಖಲೆಗೆ 50 ಜಿಬಿ ತನಕ ಹಾಕಬಹುದು. ಡೇಟಾ ತಿದ್ದಿ ಮತ್ತೆ ಹಾಕಿದರೆ ಪ್ರತಿ ಆವೃತ್ತಿಗೂ ಬೇರೆ ಡಿಒಐ, ಎಲ್ಲಾ ಆವೃತ್ತಿ ಸೇರಿ ಒಂದು ಡಿಒಐ ಕೊಡುತ್ತೆ. ಫೈಲ್ ನಿರ್ಬಂಧಿಸಿ ವಿವರ ಮಾತ್ರ ತೆರೆದಿಡೋಕೂ ಆಗುತ್ತೆ. ನಮ್ಮ ರೆಪಾಸಿಟರಿಯ ದಾಖಲೆಯಲ್ಲಿ ಆ ಡಿಒಐ ಬರೆದು ಜೋಡಿಸಿದರೆ ಸಾಕು.

ಗಿರಿಶ್ರೇಣಿ

ಒಂದು ಎಚ್ಚರಿಕೆ. ಶೋಧಗಂಗಾದಲ್ಲಿರುವ ಥೀಸಿಸ್‌ಗೆ ಈಗಾಗಲೇ 10603 ಪ್ರಿಫಿಕ್ಸ್‌ನ ಹ್ಯಾಂಡಲ್ ಇದೆ. ನಿಮ್ಮಲ್ಲಿಯೂ ಪ್ರತಿ ಇಟ್ಟುಕೊಳ್ಳಿ, ಆದರೆ ಅದೇ ಕೃತಿಗೆ ಮೇಲಿಂದ ಮೇಲೆ ಹೊಸ ಡಿಒಐ ಮಾಡಿಸಬೇಡಿ. ಶೋಧಗಂಗಾದ ಸಂಖ್ಯೆಯನ್ನು ನಿಮ್ಮ ದಾಖಲೆಯಲ್ಲಿ 'ಇದೇ ಕೃತಿ ಇಲ್ಲಿಯೂ ಇದೆ' ಎಂದು ಬರೆಯಿರಿ. ನಿಮ್ಮಲ್ಲಿ ಮಾತ್ರ ಇರುವ ಎಂಎಸ್ಸಿ ಡಿಸರ್ಟೇಶನ್, ಡೇಟಾ, ವಿಚಾರ ಸಂಕಿರಣದ ಪ್ರಬಂಧಗಳಿಗೆ ನಿಮ್ಮ ಹ್ಯಾಂಡಲ್ ನಿಜವಾಗಿ ಅಗತ್ಯ. ಬೇರೆಲ್ಲಿಯೂ ಅವುಗಳ ಗುರುತಿಲ್ಲ.

ಸೋಲೆ ಕಾಡು

ಲೇಖಕರ ಗುರುತೂ ಮರೀಬೇಡಿ. ನಮ್ಮ ಹೆಸರುಗಳ ಕಥೆ ಗೊತ್ತಲ್ಲ, ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಊರ ಹೆಸರು ಒಂದು ಲೇಖನದಲ್ಲಿದ್ದರೆ ಇನ್ನೊಂದರಲ್ಲಿಲ್ಲ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಇನಿಶಿಯಲ್ಲೇ ಬೇರೆ. ಆರ್ಕಿಡ್ ಅನ್ನೋ ಸಂಶೋಧಕರ ಗುರುತು ಸಂಖ್ಯೆ 2012ರಿಂದ ಇದೆ, 16 ಅಂಕೆ, ಉಚಿತ. ಥೀಸಿಸ್ ಸ್ವೀಕರಿಸುವಾಗಲೇ ಕೇಳಿಬಿಡಿ, ವಿದ್ಯಾರ್ಥಿ ಹೊರಟುಹೋದ ಮೇಲೆ ಹಿಡಿಯೋದು ಕಷ್ಟ.

ಶಾಸನದ ಹಾದಿ

ಕನ್ನಡ ಥೀಸಿಸ್‌ಗಳ ಬಗ್ಗೆ ಒಂದು ಮಾತು. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಾಣುತ್ತೆ, ಆದರೆ ಅದರಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ತಲೆಮೇಲೆ ಗೆರೆ, ಚುಕ್ಕೆ ಇರೋ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತೆ. ಅಂದರೆ 'ವಿಷ್ಣುವರ್ಧನ' ಅಂತ ಹುಡುಕಿದರೆ ಆ ಥೀಸಿಸ್ ಎಂದಿಗೂ ಸಿಗಲ್ಲ. ತೆರೆದಿಟ್ಟೂ ಮುಚ್ಚಿದ ಹಾಗೇ. ಕನಿಷ್ಠ ಶೀರ್ಷಿಕೆ, ಸಾರಾಂಶ, ಮುಖ್ಯ ಪದಗಳನ್ನ ಯೂನಿಕೋಡ್‌ನಲ್ಲಿ ಕೈಯಾರೆ ಟೈಪ್ ಮಾಡಿಸಿ. ಶೀರ್ಷಿಕೆಯನ್ನ ಇಂಗ್ಲಿಷ್ ಲಿಪಿಯಲ್ಲಿ ಮಾತ್ರ ಹಾಕೋ ಅಭ್ಯಾಸ ಬಿಡಿಸಬೇಕು, ಎರಡೂ ಇರಲಿ.

ಹೇಮಾವತಿ ಲೈಬ್ರರಿ

ಎಲ್ಲರ ಮಾತು ಬರೆದುಕೊಂಡು ಗ್ರಂಥಾಲಯ ಸಮಿತಿಗೆ ಕೊಡೋಕೆ ಒಂದು ಕರಡು ಮಾಡಿದ್ದೀನಿ. ಮುಖ್ಯ ಭಾಗ ಇಲ್ಲಿ ಹಾಕ್ತೀನಿ, ತಿದ್ದಿ:

'ರೆಪಾಸಿಟರಿಗೆ ಸೇರುವ ಪ್ರತಿ ಕೃತಿಗೂ ಕಾಲೇಜಿನ ಸ್ವಂತ ಪ್ರಿಫಿಕ್ಸ್‌ನ ಹ್ಯಾಂಡಲ್ ನೀಡಲಾಗುವುದು. ಹಿಂದಿನ ಸಂಖ್ಯೆಯನ್ನು ದಾಖಲೆಯಲ್ಲಿ ಉಳಿಸಲಾಗುವುದು. ಕೃತಿಯ ವಿವರಗಳು ಸದಾ ಸಾರ್ವಜನಿಕವಾಗಿರುತ್ತವೆ. ಫೈಲಿಗೆ ತಡೆ ಬೇಕಾದಲ್ಲಿ ಲೇಖಕರು ಮತ್ತು ಮಾರ್ಗದರ್ಶಕರು ಕಾರಣ ಹಾಗೂ ಕೊನೆಯ ದಿನಾಂಕ ತಿಳಿಸಿ ಲಿಖಿತ ಅರ್ಜಿ ಕೊಡಬೇಕು. ಕೊನೆಯ ದಿನಾಂಕವಿಲ್ಲದ ತಡೆಯನ್ನು ಸಮಿತಿ ಪ್ರತಿ ವರ್ಷ ಪರಿಶೀಲಿಸುವುದು. ಕೃತಿಯಲ್ಲಿ ತಮ್ಮ ವೈಯಕ್ತಿಕ ಮಾಹಿತಿ ಇರುವ ಯಾರೇ ಆಗಲಿ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆ ಇತ್ಯರ್ಥವಾಗುವವರೆಗೆ ಆ ಭಾಗವನ್ನು ಮುಚ್ಚಲಾಗುವುದು. ಹಿಂಪಡೆದ ಕೃತಿಯ ಹ್ಯಾಂಡಲ್ ಅನ್ನು ರದ್ದುಮಾಡುವುದಿಲ್ಲ, ಮರುಬಳಕೆ ಮಾಡುವುದಿಲ್ಲ. ಹ್ಯಾಂಡಲ್ ಖಾತೆ ಮತ್ತು ಡೊಮೇನ್ ನವೀಕರಣದ ಹೊಣೆ ಗ್ರಂಥಪಾಲಕಿಯದು.'

ತೋಟದವ

ಆಕ್ಷೇಪಣೆ ಎಲ್ಲಿಗೆ ಕೊಡಬೇಕು ಅಂತ ಆ ಪುಟದಲ್ಲೇ ಕನ್ನಡದಲ್ಲಿ ಬರೀರಿ ಅಮ್ಮ. ನನಗೆ ಯಾರನ್ನ ಕೇಳಬೇಕು ಅಂತ ಗೊತ್ತಾಗೋಕೇ ಬಹಳ ದಿನ ಹಿಡೀತು. ಫೋನ್ ನಂಬರೂ ಇರಲಿ, ಇಮೇಲ್ ನೋಡದವರೂ ಇದ್ದಾರೆ.

ಗಿರಿಶ್ರೇಣಿ

ಕರಡು ಚೆನ್ನಾಗಿದೆ. ಕೊನೆಯ ಸಾಲು ಮಾತ್ರ ಬದಲಾಯಿಸಿ. ಹೊಣೆ ಒಬ್ಬರದೇ ಆದರೆ ನೀವು ರಜೆಯಲ್ಲಿದ್ದಾಗ ಬಿಲ್ ಬಂದರೆ ಯಾರೂ ನೋಡುವುದಿಲ್ಲ. 'ಗ್ರಂಥಪಾಲಕರ ಹುದ್ದೆ ಮತ್ತು ಕಂಪ್ಯೂಟರ್ ಕೇಂದ್ರದ ಮುಖ್ಯಸ್ಥರ ಹುದ್ದೆ' ಎಂದು ಎರಡು ಹುದ್ದೆ ಬರೆಯಿರಿ, ಇಬ್ಬರಿಗೂ ಹೋಗುವ ಒಂದು ಕಚೇರಿ ಇಮೇಲ್ ಮಾಡಿಸಿ, ಶುಲ್ಕವನ್ನು ವಾರ್ಷಿಕ ಬಜೆಟ್‌ನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ. ಜೊತೆಗೆ ಇದೊಂದು ವಾಕ್ಯ ಸೇರಿಸಿ: 'ಸಂಸ್ಥೆ ಮುಚ್ಚಿದರೆ ಅಥವಾ ವಿಲೀನವಾದರೆ ಪ್ರಿಫಿಕ್ಸ್, ದಾಖಲೆಗಳು, ಫೈಲುಗಳನ್ನು ಮುಂದಿನ ಸಂಸ್ಥೆಗೆ ಲಿಖಿತವಾಗಿ ಹಸ್ತಾಂತರಿಸಬೇಕು.'

ಸರ್ವರ್ ಕಾಯೋನು

ಸಾಗಿಸೋ ದಿನ ಹೇಳಿ ಮೇಡಂ, ಸಂಜೆ ಮೇಲೆ ಬರ್ತೀನಿ. ಹಳೇ ಸರ್ವರ್ ಆರಿಸೋ ಮೊದಲು ಡೇಟಾಬೇಸ್ ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ಮತ್ತು ಫೈಲುಗಳಿರೋ ಅಸೆಟ್‌ಸ್ಟೋರ್ ಫೋಲ್ಡರ್ ಎರಡೂ ಕಾಪಿ ತಗೊಂಡಿರಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಉಪಯೋಗ ಇಲ್ಲ.